ಮೈಕ್ ಹಿಡಿದವರಿಗೊಂದು ಬಹಿರಂಗ ಪತ್ರ: ಇಂಗ್ಲಿಷಿನ ‘ನೈಸ್’, ಮಸ್ಕಿಯ ‘ದೇವರ ಪ್ರಿಯ’

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳಲ್ಲಿ ಸಭೆ ನಿರೂಪಿಸುವ, ಸನ್ಮಾನ ಪತ್ರ ಬರೆದುಕೊಡುವ, ಫ್ಲೆಕ್ಸಿಗೆ ಮಾತು ಹೊಂದಿಸುವ ಎಲ್ಲರಿಗೆ,



ನಿಮ್ಮಲ್ಲಿ ಬಹಳ ಮಂದಿ ಹಗಲು ಶಾಲೆಯಲ್ಲಿ ಪಾಠ ಹೇಳಿ ಸಂಜೆ ಮೈಕ್ ಹಿಡಿಯುವವರು. ಗಣ್ಯರು ಎರಡು ತಾಸು ತಡವಾಗಿ ಬಂದರೆ ಅಲ್ಲಿಯತನಕ ಜನ ಎದ್ದುಹೋಗದಂತೆ ಸಭೆಯನ್ನು ಹಿಡಿದಿಡುವವರು ನೀವು. ಬಂದ ಮೇಲೆ ಯಾರ ಹೆಸರು ಮೊದಲು, ಯಾರದು ಆಮೇಲೆ ಎಂಬ ಸಂಕಟವನ್ನು ನುಂಗುವವರೂ ನೀವೇ. ಒಂದು ಹೆಸರು ಬಿಟ್ಟುಹೋದರೆ ವರ್ಷಗಟ್ಟಲೆ ಮಾತು ಬಿಡುವ ಜನ ನಾವು. ಇಂಥ ಊರುಗಳಲ್ಲಿ ಹೆಸರಿನ ಹಿಂದೆ ಎರಡು ಗುಣವಾಚಕ ಹೆಚ್ಚೇ ಇರಲಿ ಎಂದು ನೀವು ಸೇರಿಸಿದರೆ ಅದು ಬದುಕುವ ಉಪಾಯ, ತಪ್ಪಲ್ಲ. ಆದ್ದರಿಂದ ಈ ಪತ್ರವನ್ನು ದೂರಿನ ಅರ್ಜಿ ಎಂದುಕೊಳ್ಳಬೇಡಿ. ಹೊಗಳಿಕೆಯ ಪದಗಳ ವಿಷಯದಲ್ಲಿ ನಮ್ಮ ಮೂರು ತಾಲೂಕುಗಳ ನೆಲದಲ್ಲೇ ಒಂದಿಷ್ಟು ದಾಖಲೆ ಬಿದ್ದಿದೆ. ಅದನ್ನು ನಿಮ್ಮ ಮುಂದಿಟ್ಟು ಕೊನೆಯಲ್ಲಿ ಒಂದು ಸಣ್ಣ ಬೇಡಿಕೆ ಸಲ್ಲಿಸುವುದಷ್ಟೇ ನನ್ನ ಉದ್ದೇಶ.

ಹಿಂದೆ ‘ಜನಪ್ರಿಯ’, ‘ಧೀಮಂತ’, ‘ಕೊಡುಗೈ ದಾನಿ’, ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಇಷ್ಟರಲ್ಲಿ ಸಭೆ ಮುಗಿಯುತ್ತಿತ್ತು. ಈಗ ಅವುಗಳ ಮೇಲೆ ‘ಡೈನಾಮಿಕ್’, ‘ಸೂಪರ್’, ‘ಲೆಜೆಂಡ್’ ಕೂತಿವೆ. ಕಾರ್ಯಕ್ರಮ ಮುಗಿದ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಬಿದ್ದೊಡನೆ ಕೆಳಗೆ ಸಾಲುಸಾಲಾಗಿ ‘ನೈಸ್’, ‘ನೈಸ್ ಸರ್’, ‘ವೆರಿ ನೈಸ್ ಪ್ರೋಗ್ರಾಮ್’. ಮದುವೆಗೂ ಅದೇ ‘ನೈಸ್’, ಮಗುವಿನ ಜವಳಕ್ಕೂ ಅದೇ. ಹೊಸ ಟ್ರ್ಯಾಕ್ಟರಿಗೂ, ಗುರುಗಳ ಪ್ರವಚನಕ್ಕೂ ಬೇರೆ ಪದವಿಲ್ಲ. ಮೊದಲು ಈ ಪದದ ಜಾತಕವನ್ನೇ ನೋಡೋಣ.

ಲ್ಯಾಟಿನ್ ಭಾಷೆಯಲ್ಲಿ ‘ನೆಸ್ಕಿಯುಸ್’ ಎಂಬ ಪದವಿತ್ತು. ‘ನೆ’ ಎಂದರೆ ಇಲ್ಲ, ‘ಸ್ಕಿರೆ’ ಎಂದರೆ ತಿಳಿ. ಒಟ್ಟಿನಲ್ಲಿ ಏನೂ ತಿಳಿಯದವ. ಇದು ಹಳೆಯ ಫ್ರೆಂಚಿನಲ್ಲಿ ಸವೆದು, ಕ್ರಿ.ಶ. 1300ರ ಸುಮಾರಿಗೆ ಇಂಗ್ಲಿಷಿಗೆ ಬಂದು ‘ನೈಸ್’ ಆಯಿತು. ಆಗ ಯಾರನ್ನಾದರೂ ‘ನೈಸ್’ ಎಂದರೆ ದಡ್ಡ, ಪೆದ್ದ ಎಂದರ್ಥ. ಅಲ್ಲಿಂದ ಅದು ಅಡ್ಡದಾರಿ ಹಿಡಿಯಿತು. ಪೆದ್ದತನದಿಂದ ಅಳುಕಿಗೆ, ಅಳುಕಿನಿಂದ ಅತಿ ನಾಜೂಕಿಗೆ, ನಾಜೂಕಿನಿಂದ ಕೂದಲು ಸೀಳುವ ಸೂಕ್ಷ್ಮತೆಗೆ ಜಾರುತ್ತಾ ಹೋಗಿ, 18ನೇ ಶತಮಾನದ ಹೊತ್ತಿಗೆ ‘ಹಿತವಾದದ್ದು, ಒಳ್ಳೆಯದು’ ಎಂಬಲ್ಲಿ ಬಂದು ಕೂತಿತು. ಜೇನ್ ಆಸ್ಟೆನ್ ಬರೆದ ‘ನಾರ್ಥ್ಯಾಂಗರ್ ಅಬಿ’ ಕಾದಂಬರಿ ಅವಳು ತೀರಿಕೊಂಡ ಮೇಲೆ 1817ರ ಕೊನೆಯಲ್ಲಿ ಅಚ್ಚಾಯಿತು. ಅದರಲ್ಲಿ ಹೆನ್ರಿ ಟಿಲ್ನಿ ಎಂಬ ಪಾತ್ರ ಈ ಪದವನ್ನೇ ಹಿಡಿದು ನಾಯಕಿಯನ್ನು ಕಾಡಿಸುತ್ತದೆ. ಹವೆಗೂ ಇದೇ, ವಿಹಾರಕ್ಕೂ ಇದೇ, ಹುಡುಗಿಯರಿಗೂ ಇದೇ ಎಂಬುದು ಅವನ ಕುಹಕ. ಇನ್ನೂರು ವರ್ಷದ ಹಿಂದೆಯೇ ಅದರ ಊರಿನಲ್ಲೇ ಹಳಸಿದ ಪದ, ನಮ್ಮ ಗುಂಪುಗಳಲ್ಲಿ ಇನ್ನೂ ಬಿಸಿಬಿಸಿಯಾಗಿ ಬಡಿಸಲ್ಪಡುತ್ತಿದೆ.

ಇದರ ತದ್ವಿರುದ್ಧ ದಿಕ್ಕಿಗೆ ಹೋದ ಪದವೂ ಅದೇ ಇಂಗ್ಲಿಷಿನಲ್ಲಿದೆ. ಇಂದು ಬೈಗುಳವಾದ ‘ಸಿಲ್ಲಿ’ ಹುಟ್ಟುವಾಗ ‘ದೈವಕೃಪೆಗೆ ಪಾತ್ರನಾದ, ಭಾಗ್ಯವಂತ’ ಎಂಬ ಅರ್ಥ ಹೊತ್ತಿತ್ತು. ಜರ್ಮನ್ನಿನಲ್ಲಿ ಅದರ ಸೋದರ ಪದ ಇಂದಿಗೂ ‘ಧನ್ಯ’ ಎಂಬ ಅರ್ಥದಲ್ಲೇ ಉಳಿದಿದೆ. ಇಂಗ್ಲಿಷಿನಲ್ಲಿ ಮಾತ್ರ ಭಾಗ್ಯವಂತ ಮುಗ್ಧನಾದ, ಮುಗ್ಧ ಪಾಪದವನಾದ, ಪಾಪದವ ಕೊನೆಗೆ ಮೂರ್ಖನಾದ. ‘ಟೆರಿಫಿಕ್’ ಎಂದರೆ ಭಯ ಹುಟ್ಟಿಸುವಂಥದ್ದು ಎಂದಿತ್ತು. ಈಗ ಕ್ರಿಕೆಟ್ ಕಾಮೆಂಟರಿಯಲ್ಲಿ ಪ್ರತಿ ಓವರಿಗೆ ಒಮ್ಮೆ ಸಿಗುತ್ತದೆ. ‘ಡೈನಾಮಿಕ್’ ಪದದ ಗ್ರೀಕ್ ಬೇರು ಶಕ್ತಿ ಎಂಬರ್ಥದ್ದು. ಅದೇ ಬೇರಿನಿಂದ ಆಲ್ಫ್ರೆಡ್ ನೊಬೆಲ್ 1867ರಲ್ಲಿ ತನ್ನ ಸಿಡಿಮದ್ದಿಗೆ ‘ಡೈನಮೈಟ್’ ಎಂದು ಹೆಸರಿಟ್ಟ. ಹಟ್ಟಿ ಚಿನ್ನದ ಗಣಿಯ ಪಕ್ಕದಲ್ಲೇ ಇರುವ ನೀವು ಯುವ ನಾಯಕರ ಹೆಸರಿನ ಮುಂದೆ ‘ಡೈನಾಮಿಕ್’ ಬರೆಸುವಾಗ ಈ ನೆಂಟಸ್ತಿಕೆ ಗೊತ್ತಿರಲಿ ಎಂದು ಹೇಳಿದೆ.

ನೈಸ್ ಪದಕ್ಕೆ ನಮ್ಮ ಕಡೆ ಇನ್ನೊಂದು ಬಾಳೇ ಇದೆ. ಅದು ಇಂಗ್ಲಿಷಿನವರಿಗೆ ಗೊತ್ತಿಲ್ಲ. ಗಿರಣಿಗೆ ಜೋಳ ಹೊತ್ತುಕೊಂಡು ಹೋದ ಅವ್ವ, ‘ಹಿಟ್ಟು ನೈಸಾಗ್ಲಿ ನೋಡಪ್ಪ, ರೊಟ್ಟಿ ಹರೀತಾವ’ ಅನ್ನುತ್ತಾಳೆ. ಗೋಡೆಗೆ ಗಿಲಾವು ಮಾಡುವ ಗೌಂಡಿಗೆ ಮನೆಯವರು ‘ನೈಸ್ ಮಾಡ್ರಿ’ ಅನ್ನುತ್ತಾರೆ. ಬಟ್ಟೆ ಅಂಗಡಿಯಲ್ಲಿ ಸೀರೆಯ ಸೆರಗನ್ನು ಬೆರಳಲ್ಲಿ ಹಿಸುಕಿ ‘ಎಷ್ಟ್ ನೈಸೈತಿ’ ಅನ್ನುವುದೂ ಉಂಟು. ಇಲ್ಲೆಲ್ಲ ಅದಕ್ಕೆ ನುಣುಪು ಎಂಬ ಖಚಿತ ಅರ್ಥವಿದೆ; ಬೆರಳಿಗೆ ಸಿಕ್ಕುವ ಅರ್ಥ, ಪರೀಕ್ಷೆ ಮಾಡಿ ಹೌದೋ ಅಲ್ಲವೋ ಎನ್ನಬಹುದಾದ ಅರ್ಥ. ಮನುಷ್ಯರ ವಿಷಯಕ್ಕೆ ಬಂದಾಗ ನಮ್ಮ ಜನ ಇನ್ನೂ ಹುಷಾರು. ‘ನೈಸ್ ಮಾಡಾಕ ಬರಬ್ಯಾಡ’ ಎಂದರೆ ಬಣ್ಣದ ಮಾತಾಡಿ ಕೆಲಸ ಗಿಟ್ಟಿಸಿಕೊಳ್ಳಲು ಬರಬೇಡ ಎಂದು. ‘ನೈಸಾಗಿ ಜಾರಿಕೊಂಡ’ ಎಂದರೆ ಯಾರಿಗೂ ಗೊತ್ತಾಗದ ಹಾಗೆ ತಪ್ಪಿಸಿಕೊಂಡ ಎಂದು. ಫೋಟೊದ ಕೆಳಗೆ ‘ನೈಸ್ ಸರ್’ ಎಂದು ಒತ್ತುವ ಕೈಯೂ, ‘ಅವಾ ನೈಸ್ ಮಾಡಾಕತ್ತಾನ’ ಎಂದು ಗೊಣಗುವ ಬಾಯಿಯೂ ಒಬ್ಬನವೇ.

ಈಗ ಮಸ್ಕಿಗೆ ಬರೋಣ. ಹೊಗಳಿಕೆಯ ಪದವೊಂದು ತಲೆಕೆಳಗಾದ ಕತೆ ಕೇಳಲು ಲಂಡನ್ನಿಗೆ ಹೋಗಬೇಕಿಲ್ಲ. ಅಂಥದ್ದೊಂದು ಪದವನ್ನು ಕಲ್ಲಿನಲ್ಲಿ ಕೊರೆದ ಬಂಡೆ ನಮ್ಮ ಗುಡ್ಡದಲ್ಲೇ ಇದೆ.

1915ರಲ್ಲಿ ಈ ಸೀಮೆ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿತ್ತು. ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ಮಸ್ಕಿಯ ಗುಡ್ಡಕ್ಕೆ ಬಂದ. ಅವನ ಕಣ್ಣಿಗೆ ಬಿದ್ದದ್ದು ಬ್ರಾಹ್ಮಿ ಅಕ್ಷರಗಳ ಬಂಡೆ. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಖ್ಯೆಯಾಗಿ ಪ್ರಕಟಿಸಿದರು. ಪ್ರಾಕೃತ ಭಾಷೆಯ ಎಂಟು ಸಾಲು. ಅಲ್ಲಲ್ಲಿ ಅಕ್ಷರ ಸವೆದಿದೆ. ಆರಂಭದ ಎರಡು ಪದ ‘ದೇವಾನಂಪಿಯಸ ಅಸೋಕಸ’, ಅಂದರೆ ದೇವರುಗಳಿಗೆ ಪ್ರಿಯನಾದ ಅಶೋಕನ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದು ಗುಣವಾಚಕ, ಒಂದು ಹೆಸರು.

ಈ ಎರಡರಲ್ಲಿ ವಿದ್ವಾಂಸರು ಹಿಗ್ಗಿ ಕುಣಿದದ್ದು ಹೆಸರನ್ನು ಕಂಡು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದಾಗ ಕಂಬ, ಬಂಡೆಗಳ ಮೇಲೆಲ್ಲ ಸಿಕ್ಕಿದ್ದು ‘ದೇವಾನಂಪಿಯ ಪಿಯದಸಿ’. ದೇವರಿಗೆ ಪ್ರಿಯ, ಪ್ರೀತಿಯಿಂದ ನೋಡುವವ. ಪುಟಗಟ್ಟಲೆ ಶಾಸನ, ತುಂಬ ಹೊಗಳಿಕೆಯ ಬಿರುದು. ಆಸಾಮಿ ಯಾರೆಂದು ಮಾತ್ರ ಎಲ್ಲಿಯೂ ಇಲ್ಲ. ಸಿಂಹಳದಲ್ಲಿ ದೇವಾನಂಪಿಯ ತಿಸ್ಸ ಎಂಬ ರಾಜನಿದ್ದದ್ದರಿಂದ ಇದು ಅವನದೇ ಇರಬೇಕು ಎಂದು ಪ್ರಿನ್ಸೆಪ್ ಮೊದಲು ಅಂದುಕೊಂಡ. ಜಾರ್ಜ್ ಟರ್ನರ್ ಸಿಂಹಳದ ಪಾಲಿ ಗ್ರಂಥಗಳನ್ನು ನೋಡಿ, ಪಿಯದಸಿ ಎಂದರೆ ಅಶೋಕನೇ ಎಂದು ಸೂಚಿಸಿದ. ಆದರೆ ಶಾಸನದಲ್ಲೇ ಆ ಹೆಸರು ಕಾಣಲು ಮಸ್ಕಿಯ ತನಕ ಕಾಯಬೇಕಾಯಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ ಸಿಕ್ಕಿತು. ಸಿಂಧನೂರಿನವರು ತುಂಗಭದ್ರೆ ದಾಟಿದರೆ ಸಿಗುವ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೋಳದಲ್ಲೂ ಸಿಕ್ಕಿತು. ಆದರೂ ಮೊದಲು ಬಾಯಿಬಿಟ್ಟದ್ದು ನಮ್ಮ ಬಂಡೆ.

ಸಭೆಗೆ ತಡವಾಗಿ ಬಂದವರ ಪಾಡು ನಿಮಗೆ ಗೊತ್ತು. ‘ನಾಡಿನ ಧೀಮಂತ, ಜನಮನದ ಆರಾಧ್ಯ, ಸೋಲಿಲ್ಲದ ಸರದಾರ…’ ಎಂದು ಮೈಕು ಕೂಗುತ್ತಿರುತ್ತದೆ. ಈಗ ಬಂದು ಕೂತವ ಪಕ್ಕದವನನ್ನು ಕೇಳುತ್ತಾನೆ: ‘ಯಾರಿಗ್ರೀ ಇದು?’ ಪ್ರಿನ್ಸೆಪ್ ಕೇಳಿದ್ದೂ ಅಷ್ಟೇ.

ಗುಣವಾಚಕದ ಗತಿ ಏನಾಯಿತು ಎಂಬುದು ಇನ್ನೂ ಸ್ವಾರಸ್ಯ. ಅಶೋಕನ ಕಾಲದಲ್ಲಿ ‘ದೇವಾನಂಪಿಯ’ ಎಂಬುದು ಅವನೊಬ್ಬನ ಸೊತ್ತಾಗಿರಲಿಲ್ಲ. ಅವನ ಎಂಟನೆಯ ಬಂಡೆ ಶಾಸನದ ಗಿರ್ನಾರ್ ಪಾಠದಲ್ಲಿ ಹಿಂದಿನ ‘ರಾಜರು’ ಎಂದಿರುವ ಜಾಗದಲ್ಲಿ ಕಾಲ್ಸಿಯ ಪಾಠ ಹಿಂದಿನ ‘ದೇವಾನಂಪಿಯರು’ ಎನ್ನುತ್ತದೆ. ಅವನ ಮೊಮ್ಮಗ ದಶರಥನಿಗೂ ನಾಗಾರ್ಜುನಿ ಗುಹೆಗಳ ಶಾಸನದಲ್ಲಿ ಅದೇ ಬಿರುದು. ಅಂದರೆ ಇಂದಿನ ‘ಸನ್ಮಾನ್ಯ’ ಇದ್ದಹಾಗೆ ಎಲ್ಲ ದೊರೆಗಳಿಗೂ ಹಚ್ಚುವ ಪದ. ಎಲ್ಲರಿಗೂ ಹಚ್ಚುವ ಪದ ಮೊದಲು ಮೊಂಡಾಗುತ್ತದೆ, ಆಮೇಲೆ ವ್ಯಂಗ್ಯಕ್ಕೆ ಒದಗುತ್ತದೆ. ಇದೂ ಹಾಗೇ ಆಯಿತು.

ಪಾಣಿನಿಯ ವ್ಯಾಕರಣದಲ್ಲಿ ‘ಷಷ್ಠ್ಯಾ ಆಕ್ರೋಶೇ’ ಎಂಬ ಸೂತ್ರವಿದೆ (6.3.21). ಸಮಾಸ ಮಾಡುವಾಗ ಸಾಮಾನ್ಯವಾಗಿ ನಡುವಿನ ವಿಭಕ್ತಿ ಬಿದ್ದುಹೋಗಬೇಕು; ‘ದೇವರ’ ಎಂಬುದು ‘ದೇವ’ ಆಗಿ ‘ದೇವಪ್ರಿಯ’ ಎನಿಸಬೇಕು. ಬೈಯುವ ಅರ್ಥವಿದ್ದರೆ ಮಾತ್ರ ಷಷ್ಠಿ ಉಳಿಯುತ್ತದೆ ಎನ್ನುತ್ತದೆ ಸೂತ್ರ. ಪಾಣಿನಿಯ ಸೂತ್ರಗಳಿಗೆ ಟಿಪ್ಪಣಿ ಬರೆದ ಕಾತ್ಯಾಯನ ಇದರ ಕೆಳಗೆ ‘ದೇವಾನಾಂಪ್ರಿಯ’ ಎಂಬುದನ್ನೂ ಸೇರಿಸಿದ. ಶತಮಾನಗಳು ಉರುಳಿದವು. ‘ಸಿದ್ಧಾಂತಕೌಮುದಿ’ ಬರೆದ ಭಟ್ಟೋಜಿ ದೀಕ್ಷಿತರ ಹೊತ್ತಿಗೆ ಆ ಮಾತಿಗೆ ಇನ್ನೊಂದು ಪದ ಅಂಟಿತ್ತು: ‘ಮೂರ್ಖ ಎಂಬರ್ಥದಲ್ಲಿ’. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಎದುರಾಳಿಯನ್ನು ಚುಚ್ಚುವಾಗ ಬಳಸಿದ್ದು ಈ ಪದವನ್ನೇ. ಮೂರ್ಖರು ದೇವರಿಗೆ ಏಕೆ ಪ್ರಿಯರು ಎಂಬುದಕ್ಕೂ ವ್ಯಾಖ್ಯಾನಕಾರರಲ್ಲಿ ಸಮಾಧಾನ ಸಿದ್ಧವಿತ್ತು. ಅವರು ದೇವರ ದನಗಳಂತೆ. ಆದ್ದರಿಂದ ದೇವರಿಗೆ ಅಚ್ಚುಮೆಚ್ಚು! ಬೌದ್ಧ ದೊರೆಯ ಮೇಲಿನ ಸಿಟ್ಟಿನಿಂದ ಹೀಗಾಯಿತು ಎನ್ನುವವರಿದ್ದಾರೆ. ನನಗೆ ಅಷ್ಟು ದೊಡ್ಡ ಪಿತೂರಿ ಬೇಕಾಗಿ ಕಾಣುವುದಿಲ್ಲ. ಬಳಸಿ ಬಳಸಿ ಸವೆದ ಬಿರುದನ್ನು ಜಾಣರು ನಗಲಿಕ್ಕೆ ಎತ್ತಿಕೊಳ್ಳುವುದು ಎಲ್ಲ ಊರಲ್ಲೂ ಇದೆ. ಚಹಾದಂಗಡಿಯಲ್ಲಿ ‘ಬರ್ರಿ ಸಾಹುಕಾರ್ರ’ ಎಂದು ಯಾರನ್ನು ಕರೆಯುತ್ತಾರೆ ನೆನಪು ಮಾಡಿಕೊಳ್ಳಿ.

ಇದೇ ವ್ಯಾಕರಣಕ್ಕೆ ಪತಂಜಲಿ ಬರೆದ ಮಹಾಭಾಷ್ಯದಲ್ಲಿ ಬರುವ ಒಂದು ಪ್ರಸಂಗವನ್ನು ನಿಮಗೆ ಹೇಳಲೇಬೇಕು. ಮೈಕ್ ಹಿಡಿಯುವವರಿಗೆ ಮಾಡಿಸಿಟ್ಟಂತಿದೆ. ಒಬ್ಬ ವೈಯಾಕರಣಿ ರಥ ನಡೆಸುವವನನ್ನು ಕಂಡು, ಈ ರಥದ ‘ಪ್ರವೇತಾ’ (ನಡೆಸುವವ) ಯಾರು ಎಂದು ಕೇಳುತ್ತಾನೆ. ಸಾರಥಿ, ‘ಪ್ರಾಜಿತಾ’ ನಾನೇ ಎನ್ನುತ್ತಾನೆ. ಅದು ಅಪಶಬ್ದ ಎಂದು ಪಂಡಿತನ ತಕರಾರು. ಆಗ ಸಾರಥಿ, ದೇವಾನಾಂಪ್ರಿಯರಿಗೆ ಸೂತ್ರ ಗೊತ್ತು, ಜನಕ್ಕೆ ಬೇಕಾದ ಪ್ರಯೋಗ ಗೊತ್ತಿಲ್ಲ ಎಂದುಬಿಡುತ್ತಾನೆ. ಪಂಡಿತ ಸಿಟ್ಟಾಗಿ ಸಾರಥಿಯನ್ನು ಬೈಯಲು ಹೋಗಿ ಅಲ್ಲೂ ತಪ್ಪು ವ್ಯುತ್ಪತ್ತಿ ಹಿಡಿದು ಮತ್ತೊಮ್ಮೆ ತಿದ್ದಿಸಿಕೊಳ್ಳುತ್ತಾನೆ. ಆ ‘ದೇವಾನಾಂಪ್ರಿಯ’ದಲ್ಲಿ ಗೌರವವಿತ್ತೇ, ಕುಟುಕಿತ್ತೇ? ಅಕ್ಷರ ನೋಡಿ ಹೇಳಲಾಗದು, ದನಿ ಕೇಳಬೇಕಿತ್ತು. ಪತಂಜಲಿಯ ಕಾಲ ಅಶೋಕನಿಂದ ಬಹಳ ದೂರವೇನಲ್ಲ. ಅಷ್ಟರಲ್ಲೇ ಪದ ಎರಡು ಬಾಯಿಯದಾಗಿತ್ತು.

ಹೀಗೆ ‘ನೈಸ್’ ಪೆದ್ದನಿಂದ ಹೊರಟು ಹೊಗಳಿಕೆಗೆ ಬಂತು; ‘ದೇವರ ಪ್ರಿಯ’ ಹೊಗಳಿಕೆಯಿಂದ ಹೊರಟು ಪೆದ್ದನಲ್ಲಿಗೆ ಬಂದ. ಎದುರುಬದುರು ಬಂದ ಎರಡು ಬಸ್ಸುಗಳು. ಹತ್ತಿದವರು ಇಳಿಯುವ ಊರು ಮಾತ್ರ ಚಾಲಕನಿಗೂ ಗೊತ್ತಿಲ್ಲ.

ಆದರೆ ಆ ಬಂಡೆಯ ಮೇಲೆ ಬಿರುದಿನ ನಂತರವೂ ಮಾತಿದೆ, ಅದು ಹಳಸಿಲ್ಲ. ತಾನು ಬುದ್ಧನ ದಾರಿ ಹಿಡಿದು ಎರಡೂವರೆ ವರ್ಷಕ್ಕೂ ಹೆಚ್ಚಾಯಿತು ಎಂದು ದೊರೆ ಹೇಳುತ್ತಾನೆ. ಧರ್ಮದಲ್ಲಿ ತೊಡಗಿದರೆ ಅದರ ಫಲ ಸಣ್ಣವನಿಗೂ ದಕ್ಕುತ್ತದೆ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎನ್ನುತ್ತಾನೆ. ಶಾಸನದ ಪದಗಳು ‘ಖುದಕ’ ಮತ್ತು ‘ಉಡಾಲಕ’. ಇದೇ ಶಾಸನದ ಇನ್ನೊಂದು ಪಾಠ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ; 1892ರಲ್ಲಿ ಬಿ.ಎಲ್. ರೈಸ್ ಅದನ್ನು ಕಂಡುಹಿಡಿದರು. ಅದರಲ್ಲಿ ಈ ದೇವರ ಪ್ರಿಯ, ಮೊದಲ ಒಂದು ವರ್ಷ ನಾನು ಅಷ್ಟೇನೂ ಶ್ರಮಿಸಲಿಲ್ಲ ಎಂದು ಬಂಡೆಯ ಮೇಲೆ ಕೊರೆಸಿದ್ದಾನೆ! ಸ್ನೇಹಿತರೇ, ನೀವು ಎಷ್ಟೋ ಫ್ಲೆಕ್ಸ್ ಬರೆಸಿದ್ದೀರಿ. ‘ಮೊದಲ ವರ್ಷ ಹೆಚ್ಚೇನೂ ಮಾಡಲಾಗಲಿಲ್ಲ’ ಎಂಬ ಸಾಲನ್ನು ಯಾವ ನಾಯಕರಾದರೂ ಕೊಟ್ಟದ್ದುಂಟೆ?

ಕಲಬುರಗಿ ಜಿಲ್ಲೆಯ ಸನ್ನತಿ ಬಳಿ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಉಬ್ಬುಶಿಲ್ಪ ಸಿಕ್ಕಿದೆ. ಅವನು ಸತ್ತು ಎಷ್ಟೋ ತಲೆಮಾರಾದ ಮೇಲೆ ಕೆತ್ತಿದ್ದು. ಅದರ ಮೇಲೆ ಬರೆದಿರುವುದು ‘ರಾಯ ಅಸೋಕೋ’ ಎಂದಷ್ಟೇ. ದೇವರನ್ನೂ ತಂದಿಲ್ಲ, ಪ್ರೀತಿಯನ್ನೂ ತಂದಿಲ್ಲ. ಹೊಗಳಿದರೆ ಏನಾದರೂ ಕೊಡುವ ದೊರೆ ಆಗ ಇರಲಿಲ್ಲವಲ್ಲ. ಶಿಲ್ಪಿಗೆ ಹೆಸರು ಸಾಕಾಯಿತು.

ಮಸ್ಕಿಯವರೇ, ಇನ್ನೊಂದು ಬಿರುದೂ ನಿಮ್ಮ ಊರ ಹತ್ತಿರವೇ ಎಡವಿದೆ. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ನಿಮ್ಮ ಊರು ‘ಪಿರಿಯ ಮೊಸಂಗಿ’. 11ನೇ ಶತಮಾನದ ಮೊದಲ ಭಾಗದಲ್ಲಿ ಇಮ್ಮಡಿ ಜಯಸಿಂಹನಿಗೂ ರಾಜೇಂದ್ರ ಚೋಳನಿಗೂ ಮುಯಂಗಿ ಎಂಬಲ್ಲಿ ಕಾಳಗವಾಯಿತು. ಅದು ಮಸ್ಕಿಯೇ ಎಂದು ಹಲವು ಇತಿಹಾಸಕಾರರ ಅಭಿಪ್ರಾಯ. ಜಯಸಿಂಹನ ಬಿರುದು ‘ಜಗದೇಕಮಲ್ಲ’, ಇಡೀ ಜಗತ್ತಿಗೆ ಒಬ್ಬನೇ ಜಟ್ಟಿ. ಚೋಳರ ಪ್ರಶಸ್ತಿಯ ಪ್ರಕಾರ ಈ ಒಬ್ಬನೇ ಜಟ್ಟಿ ಆ ದಿನ ಬೆನ್ನು ತೋರಿಸಿದ. ಎದುರಾಳಿಯ ಫ್ಲೆಕ್ಸನ್ನು ಪೂರ್ತಿ ನಂಬಬೇಕಿಲ್ಲ ಅನ್ನಿ. ಆದರೂ ರಾಜೇಂದ್ರನ ಬಿರುದೊಂದನ್ನು ಗಮನಿಸಿ: ‘ಗಂಗೈಕೊಂಡ’, ಗಂಗೆಯನ್ನು ಗೆದ್ದು ತಂದವ. ಅದರಲ್ಲಿ ಒಂದು ಕೆಲಸವಿದೆ, ಒಂದು ನದಿಯಿದೆ. ತಂದನೋ ಇಲ್ಲವೋ ಎಂದು ವಾದಿಸಬಹುದು. ‘ಜಗದೇಕಮಲ್ಲ’ನ ಬಗ್ಗೆ ಯಾರು ಏನು ವಾದಿಸಬೇಕು?

ಸಿಂಧನೂರಿನವರಿಗೆ ನಾನು ಹೆಚ್ಚು ಹೇಳಬೇಕಾದದ್ದಿಲ್ಲ, ನಿಮ್ಮ ಪೇಟೆಯೇ ಪಾಠಶಾಲೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿದವರು ‘ಭಲೇ’ ತಂದರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಸಿದವರು ‘ಭಾಲೋ’ ತಂದರು. ಅದು ನಮ್ಮ ‘ಛಲೋ’ಗೆ ಪ್ರಾಸವಾಗಿ ಸಿಕ್ಕಿತು. ನಿಜಾಮನ ಕಾಲ ಬಿಟ್ಟುಹೋದ ಪಾರಸಿ ಪದಗಳು ಮೊದಲೇ ಇದ್ದವು: ಹೆಚ್ಚು ಎಂಬರ್ಥದ ‘ಭೇಷ್’, ಖುಷಿಯಾಗಿರು ಎಂದು ಹರಸುವ ‘ಶಹಬ್ಬಾಸ್’, ಮೇಲುಗೈ ಎಂಬರ್ಥದ ‘ಜಬರ್ದಸ್ತ್’. ಇಷ್ಟೆಲ್ಲ ಇದ್ದರೂ ಭತ್ತ ಕೊಳ್ಳುವವನು ಬರೀ ಹೊಗಳಿಕೆಗೆ ಹಣ ಎಣಿಸುವುದಿಲ್ಲ. ಚೀಲದಿಂದ ಹಿಡಿ ಕಾಳು ತೆಗೆದು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ತೇವ ಎಷ್ಟು, ನುಚ್ಚು ಎಷ್ಟಾದೀತು, ಬಣ್ಣ ಹೇಗಿದೆ ನೋಡುತ್ತಾನೆ. ಆಮೇಲೆ ‘ಮಾಲ್ ಛಲೋ ಐತಿ’. ಆ ‘ಛಲೋ’ಗೆ ಆಧಾರವಿದೆ, ಅದು ದರವಾಗಿ ಬದಲಾಗುತ್ತದೆ. ವೇದಿಕೆಯ ಮೇಲಿನ ‘ಸೂಪರ್’ಗೆ ಅಂಥ ಅಂಗೈ ಪರೀಕ್ಷೆ ಇಲ್ಲದಿರುವುದೇ ನನ್ನ ತಕರಾರು.

ಅಕ್ಕಿಯ ಮಾತು ಬಂತಲ್ಲ, ಲಿಂಗಸುಗೂರಿನವರು ಈಗಾಗಲೇ ನಗುತ್ತಿರಬೇಕು. ಗುರುಗುಂಟಾ ಬಳಿಯ ಅಮರೇಶ್ವರ ನಿಮ್ಮದು. 12ನೇ ಶತಮಾನದ ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ ಆ ನೆಲದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ಜಂಗಮರಿಗೆ ಉಣ್ಣಿಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಈ ಆಸೆ ನಮಗೇಕೆ, ತಂದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ವಾಪಸು ಕಳಿಸಿದಳು. ಗಂಡನ ಕೆಲಸಕ್ಕೆ ‘ಭೇಷ್’ ಅನ್ನಲಿಲ್ಲ, ಅಳತೆ ತಪ್ಪಿದ್ದನ್ನು ಹೇಳಿದಳು.

ಅವರ ಹೆಸರನ್ನೇ ನೋಡಿ. ‘ಆಯ್ದಕ್ಕಿ’ ಎಂಬುದರಲ್ಲಿ ಹೊಗಳಿಕೆಯ ಸೋಂಕೇ ಇಲ್ಲ. ಬಗ್ಗಿ ಕಾಳು ಆರಿಸುವ ಬಡವನ ಕೆಲಸ ಅದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಎಲ್ಲರದೂ ಇದೇ ರೀತಿ. ಬಟ್ಟೆ ಒಗೆಯುವವ, ದೋಣಿ ನಡೆಸುವವ, ಹಗ್ಗ ಹೊಸೆಯುವವ. ‘ದೇವಾನಾಂಪ್ರಿಯ’ ನೂರಾರು ವರ್ಷಗಳಲ್ಲಿ ಮೂರ್ಖನಾದ, ‘ನೈಸ್’ ಐದು ವೇಷ ಹಾಕಿತು. ‘ಆಯ್ದಕ್ಕಿ’ ಎಂಟುನೂರು ವರ್ಷದ ಹಿಂದೆ ಏನು ಹೇಳುತ್ತಿತ್ತೋ ಈಗಲೂ ಅಷ್ಟನ್ನೇ ಹೇಳುತ್ತಿದೆ. ಲಕ್ಕಮ್ಮನ ವಚನಗಳ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಮಸ್ಕಿಯ ಬಂಡೆಯಲ್ಲಿ ರಾಜ ದೇವರಿಗೆ ಪ್ರಿಯನಾದರೆ, ಲಕ್ಕಮ್ಮನಲ್ಲಿ ಲಿಂಗವೇ ಅಕ್ಕಿ ಆರಿಸುವ ಗಂಡನಿಗೆ ಪ್ರಿಯ. ‘ಪ್ರಿಯ’ ಎಂಬ ಪದ ಒಂದೇ. ಅದನ್ನು ಯಾರ ಹೆಸರಿಗೆ ಕಟ್ಟಿದಳು ನೋಡಿ. ಅಲ್ಲಿಂದ ನಮ್ಮ ಫ್ಲೆ‌ಕ್ಸುಗಳ ‘ಜನಪ್ರಿಯ’ದ ತನಕ ಈ ‘ಪ್ರಿಯ’ ಬಹಳ ತಿರುಗಿದೆ. ಚುನಾವಣೆಯಲ್ಲಿ ಠೇವಣಿ ಕಳಕೊಂಡವರಿಗೂ ನಾವದನ್ನು ತೊಡಿಸುತ್ತೇವೆ.

ಇನ್ನು ನನ್ನ ಬೇಡಿಕೆ. ಗುಣವಾಚಕ ಬಿಟ್ಟುಬಿಡಿ ಎಂದು ಕೇಳುತ್ತಿಲ್ಲ. ಶಾಲು, ಹಾರ-ತುರಾಯಿ ಇಲ್ಲದ ಸಭೆ ನಮ್ಮ ಕಡೆ ನಡೆಯುವುದಿಲ್ಲ, ನಡೆಯಲೂ ಬೇಡ. ಸನ್ಮಾನ ಪತ್ರದಲ್ಲಿ ಪ್ರತಿ ವಿಶೇಷಣದ ಪಕ್ಕ ಒಂದು ಕ್ರಿಯಾಪದ ಬರಲಿ. ‘ಆದರ್ಶ ಶಿಕ್ಷಕಿ’ ಎಂದು ಬರೆಯಿರಿ; ಅದರ ಮುಂದೆಯೇ, ಗುಳೆ ಹೋಗುವ ಮನೆಗಳ ಎಷ್ಟು ಮಕ್ಕಳನ್ನು ಅಜ್ಜ-ಅಜ್ಜಿಯರ ಬಳಿ ನಿಲ್ಲಿಸಿ ವರ್ಷ ಪೂರ್ತಿ ಶಾಲೆಗೆ ಬರುವಂತೆ ಮಾಡಿದರು ಎಂದೂ ಬರೆಯಿರಿ. ಸಂಖ್ಯೆ ಗೊತ್ತಿಲ್ಲದಿದ್ದರೆ ಆಕೆಯನ್ನೇ ಕೇಳಿ. ಹೊಗಳಿಸಿಕೊಳ್ಳುವುದಕ್ಕಿಂತ ಆ ಪ್ರಶ್ನೆ ಕೇಳಿಸಿಕೊಳ್ಳುವುದೇ ಆಕೆಗೆ ಹೆಚ್ಚು ಸಂತೋಷವಾದೀತು. ‘ಸಮಾಜಸೇವಕ’ ಎಂದು ಬರೆಸಲು ಬಂದವರಿಗೆ, ಯಾವ ಸೇವೆ ಎಂದು ವಿನಯದಿಂದ ಕೇಳಿ. ಉತ್ತರ ಬಂದರೆ ಅದನ್ನೇ ಬರೆಯಿರಿ. ಬಾರದಿದ್ದರೆ ಅಲ್ಲೊಂದು ‘ನೈಸ್’ ಹಾಕಿಬಿಡಿ. ಹಳೆಯ ಅರ್ಥ ನಮ್ಮೊಳಗೇ ಇರಲಿ.

ವಾಟ್ಸಾಪ್ ಗುಂಪಿನವರೂ ಹಾಗೇ ಮಾಡಬಹುದು. ಹುಡುಗಿಯೊಬ್ಬಳ ಭಾಷಣದ ವಿಡಿಯೊ ಕೆಳಗೆ ಮೂವತ್ತು ‘ನೈಸ್’ ಬೀಳುವ ಬದಲು, ‘ಎರಡನೇ ನಿಮಿಷದಲ್ಲಿ ನೀರಿನ ಬಗ್ಗೆ ಹೇಳಿದ ಮಾತು ನಮ್ಮ ಓಣಿಗೂ ಸರಿ’ ಎಂದು ಒಬ್ಬರು ಬರೆದರೂ ಆಕೆ ಮುಂದಿನ ಸಲ ಹೆಚ್ಚು ತಯಾರಾಗಿ ಬರುತ್ತಾಳೆ. ಪೂರ್ತಿ ಕೇಳಿಸಿಕೊಂಡವರು ಮಾತ್ರ ಅಂಥ ಸಾಲು ಬರೆಯಬಲ್ಲರು, ಮತ್ತು ಅದು ಆಕೆಗೂ ಗೊತ್ತಾಗುತ್ತದೆ.

ಕೊನೆಯದು ‘ಮತ್ತಿತರರು’. ಪತ್ರಿಕೆಗೆ ನೀವು ಕಳಿಸುವ ವರದಿಯ ಕಡೆಯ ಸಾಲು ಯಾವಾಗಲೂ ಒಂದೇ: ‘…ಮತ್ತಿತರರು ಉಪಸ್ಥಿತರಿದ್ದರು’. ಆಮಂತ್ರಣ ಪತ್ರಿಕೆಯಲ್ಲಿ ಅದು ‘ಊರಿನ ಗುರುಹಿರಿಯರು ಹಾಗೂ ಸಮಸ್ತ ನಾಗರಿಕರು’ ಆಗುತ್ತದೆ. ಆ ಪದದೊಳಗೆ ಯಾರಿದ್ದಾರೆ ನಮಗೆಲ್ಲ ಗೊತ್ತು. ಕಾಲುವೆಯ ಮೇಲೆ ರಾತ್ರಿ ತಿರುಗಿ ಕೆಳಭಾಗದ ಹೊಲಕ್ಕೆ ನೀರು ಮುಟ್ಟಿಸುವ ಗ್ಯಾಂಗ್‌ಮನ್, ಬೆಳಗಿನ ಜಾವ ಸಭೆಯ ಮೈದಾನ ಗುಡಿಸಿದ ಪೌರಕಾರ್ಮಿಕ ಮಹಿಳೆ, ಸಾವಿರ ಜನಕ್ಕೆ ಅಡುಗೆ ಮಾಡಿದ ಬಿಸಿಯೂಟದ ಅಕ್ಕಂದಿರು, ಪೆಂಡಾಲ್ ಕಟ್ಟಿದ ಹುಡುಗರು. ಶಾಸನದ ಭಾಷೆಯಲ್ಲಿ ‘ಖುದಕ’ರು. ಅವರಿಗೆ ‘ಡೈನಾಮಿಕ್’ ಬೇಕಿಲ್ಲ, ‘ಲೆಜೆಂಡ್’ ಬೇಕಿಲ್ಲ. ತಂದೆಯ ಹೆಸರು, ಮನೆತನದ ಹೆಸರು ಸೇರಿಸಿ ತಪ್ಪಿಲ್ಲದೆ ಬರೆದ ಅವರ ಹೆಸರು, ಪಕ್ಕದಲ್ಲಿ ಅವರು ಮಾಡಿದ ಕೆಲಸ, ಇಷ್ಟನ್ನು ಮೈಕಿನಲ್ಲಿ ಓದಿ. ಮಸ್ಕಿ ಬಂಡೆಯ ಹೆಚ್ಚುಗಾರಿಕೆ ಅದರ ಬಿರುದಿನಿಂದ ಬಂದದ್ದಲ್ಲ, ಬಿರುದಿನ ಪಕ್ಕ ಹೆಸರು ಕೊರೆದದ್ದರಿಂದ ಬಂದದ್ದು.

ಬರುವ ರಾಜ್ಯೋತ್ಸವದ ಸಭೆಯಿಂದಲೇ ಶುರು ಮಾಡಬಹುದು. ಫ್ಲೆಕ್ಸಿನಲ್ಲಿ ಅಷ್ಟು ಹೆಸರಿಗೆ ಜಾಗ ಎಲ್ಲಿದೆ ಎಂದು ಕೇಳುತ್ತೀರಿ, ಗೊತ್ತು. ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ತೆಗೆದು ನೋಡಿ. ಮೂರು ಹೆಸರು ಹಿಡಿಸುತ್ತವೆ.

ಇಂತಿ,
ನಿಮ್ಮ ಸಭೆಗಳ ಹಿಂದಿನ ಸಾಲಿನ ಕೇಳುಗ